ಜೀಪು ಬಿಟ್ಟು ಕದಲಬಾರದು

"ಕೆಳಗಿಳೀರಿ ಮೇಡಂ. ಒಳಗೇ ಕೂತಿದ್ರೆ ಬೆಂದು ಹೋಗ್ತೀರಿ."

ನಾನು ಇಳಿಯಲಿಲ್ಲ. ಅವನ ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್ ಇತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟುತ್ತಿತ್ತು. ಎತ್ತ ನೋಡಿದರೂ ಬಿರುಕು ಬಿಟ್ಟ ಬಿಳಿ ನೆಲ. ಮರವಿಲ್ಲ, ಮನೆಯಿಲ್ಲ, ಹೋಗಲಿ ಅಂದರೆ ಒಂದು ಕಾಗೆಯೂ ಇಲ್ಲ. ಫೋನಿನಲ್ಲಿ ಸಿಗ್ನಲ್ ಸತ್ತು ಒಂದು ಗಂಟೆಯಾಗಿತ್ತು. ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

ಮೂರು ವಾರದ ಹಿಂದೆ ಇದೇ ಬಯಲಲ್ಲಿ ನನ್ನ ಅಕ್ಕನ ಗಂಡ ಸತ್ತುಬಿದ್ದಿದ್ದರು. ಅವತ್ತು ಅವರ ಜೀಪು ಓಡಿಸಬೇಕಾಗಿದ್ದವನು, ಜ್ವರ ಅಂತ ಹೇಳಿ ಬಾರದೆ ಉಳಿದವನು, ಈ ಡ್ರೈವರೇ.

"ಮೊದಲು ಸ್ಪ್ಯಾನರ್ ಕೆಳಗಿಡು," ಅಂದೆ.

ಅವನು ಸ್ಪ್ಯಾನರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಬಾನೆಟ್ ಕ್ಲಿಪ್ ಸಡಿಲ ಮಾಡೋಕೆ ತಗೊಂಡೆ ಮೇಡಂ," ಅಂದು ಚಕ್ರದ ಪಕ್ಕ ಇಟ್ಟ.

ಸರ್ವೆ ಇಲಾಖೆಯ ಶೆಡ್ಡಿನಲ್ಲಿ ಇವನನ್ನು ಎಲ್ಲರೂ ತೂಕಡಿಕೆ ಅಂತಲೇ ಕರೆಯುವುದು. ಕಣ್ಣು ಸದಾ ಅರ್ಧ ಮುಚ್ಚಿರುತ್ತೆ. ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಅಳುವ ಕಣ್ಣು, ಉರಿಯುವ ಕಣ್ಣು, ಸುಳ್ಳು ಹೇಳುವ ಕಣ್ಣು, ಎಲ್ಲ ಓದಿದ್ದೇನೆ. ಈ ಅರ್ಧ ಮುಚ್ಚಿದ ಕಣ್ಣು ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ. ಅದಕ್ಕೇ ಇವತ್ತು ಶೆಡ್ಡಿನ ಮೇಲ್ವಿಚಾರಕರನ್ನು ಕೇಳಿ ಜೀಪು ಪಡೆದು, ಬೇಕಂತಲೇ ಇವನನ್ನೇ ಎಬ್ಬಿಸಿಕೊಂಡು, ಭಾವ ಸತ್ತ ಜಾಗ ತೋರಿಸು ನಡಿ ಅಂತ ಹೊರಟಿದ್ದೆ. ದೊಡ್ಡ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಆ ಜಾಣತನಕ್ಕೆ ಬೆಂಕಿ ಬೀಳ.

ಸೀಟು ತೊಡೆಯನ್ನು ಸುಡತೊಡಗಿದಾಗ ಇಳಿಯಲೇಬೇಕಾಯಿತು. ಮೊಣಕಾಲು ಎರಡೂ ಕಟಕ್ ಅಂದವು. ನನ್ನ ಜೊತೆ ಅವಕ್ಕೂ ನಿವೃತ್ತಿ ಕೊಟ್ಟಿದ್ದರೆ ಚೆನ್ನಾಗಿತ್ತು.

ತೂಕಡಿಕೆ ಬಟ್ಟೆ ಸುತ್ತಿಕೊಂಡ ಕೈಯಲ್ಲಿ ಬಾನೆಟ್ ಎತ್ತಿದ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು.

"ಹಳೇ ಪೈಪು. ಹರಿದು ಹೋಗಿದೆ," ಅಂದ.

ನಾನು ಕನ್ನಡಕ ಏರಿಸಿಕೊಂಡು ಬಗ್ಗಿದೆ. ಹರಿದಿದ್ದು ಒಂದು ಬೆರಳಗಲ ಅಷ್ಟೇ. ಉಳಿದ ಸುತ್ತೆಲ್ಲ ನುಣ್ಣಗಿತ್ತು, ಅಂಚು ನೆಟ್ಟಗಿತ್ತು. ಯಾರೋ ಬ್ಲೇಡಿನಲ್ಲಿ ಮುಕ್ಕಾಲು ಕೊಯ್ದು, ಕಾಲು ಭಾಗ ಹಾಗೇ ಬಿಟ್ಟಿದ್ದರು. ಊರೊಳಗೆ ಓಡಾಡಿದರೆ ತಡೆಯುತ್ತೆ. ಬಿಸಿಲಲ್ಲಿ ಅರವತ್ತು ಕಿಲೋಮೀಟರ್ ಓಡಿ ಎಂಜಿನ್ ಕಾದರೆ ತಡೆಯಲ್ಲ.

ಕೊಯ್ದ ಅಂಚನ್ನು ಅವನಿಗೆ ತೋರಿಸಿದೆ.

"ಏನೋ ಇದು?"

ಅವನೂ ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು. "ನಾನಲ್ಲ ಮೇಡಂ. ನಾನೇ ಕೊಯ್ದು ನಾನೇ ಬಂದು ಇಲ್ಲಿ ಸಿಕ್ಕಿಹಾಕಿಕೊಳ್ತೀನಾ?"

ಮಾತು ಸರಿಯಾಗೇ ಇತ್ತು. ಆದರೆ ಇಲ್ಲಿಂದ ಹೊರಗೆ ಹೋಗುವ ದಾರಿ ಗೊತ್ತಿದ್ದವನು ಸಿಕ್ಕಿಹಾಕಿಕೊಳ್ಳುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು ಗೊತ್ತಿಲ್ಲದವಳು.

"ನೀರಿನ ಕ್ಯಾನ್ ತೆಗಿ," ಅಂದೆ.

ಹಿಂದಿನ ಸೀಟಿನಡಿಯ ಇಪ್ಪತ್ತು ಲೀಟರಿನ ಕ್ಯಾನನ್ನು ಅವನು ಎಳೆದ. ಅದು ಒಂದೇ ಕೈಗೆ ಹಗುರವಾಗಿ ಎದ್ದುಬಂತು. ತಳದ ಅಂಚಿನಲ್ಲಿ ಸೂಜಿ ಹೋಗುವಷ್ಟು ತೂತು. ದಾರಿಯುದ್ದಕ್ಕೂ ತೊಟ್ಟು ತೊಟ್ಟಾಗಿ ಸೋರಿ, ಜೀಪಿನ ನೆಲದ ಸಂದಿಯಿಂದ ಇಳಿದು ಹೋಗಿತ್ತು. ಬುಡದಲ್ಲಿ ಒಂದು ಗುಟುಕಿನಷ್ಟು ಉಳಿದಿತ್ತು, ಅದನ್ನು ಅವನು ತನ್ನ ಲೋಟಕ್ಕೆ ಬಗ್ಗಿಸಿದ.

ನನ್ನ ಚೀಲದಲ್ಲಿ ಲೀಟರ್ ಬಾಟಲಿಯೊಂದಿತ್ತು. ಬೆಳಗ್ಗಿಂದ ಕುಡಿದು ಅರ್ಧ ಮಾಡಿದ್ದೆ. ಇಬ್ಬರು ಮನುಷ್ಯರು, ಅರ್ಧ ಲೀಟರ್ ನೀರು, ಇನ್ನೂ ಮಧ್ಯಾಹ್ನ ಕೂಡ ಆಗಿಲ್ಲ. ನನಗೆ ನಿಜವಾಗಿ ಭಯವಾಯಿತು. ಕಳ್ಳರ ಭಯ, ಚಾಕುವಿನ ಭಯ ಗೊತ್ತಿತ್ತು. ಸುಮ್ಮನೆ ಕೂತಲ್ಲೇ ಒಣಗಿ ಸಾಯುವ ಭಯ ಹೊಸದು.

ಡ್ಯಾಶ್‌ಬೋರ್ಡಿನ ಮೇಲೆ ಭಾವನ ಕೈಬರಹದ ಚೀಟಿ ಅಂಟಿಸಿತ್ತು. ಇಲಾಖೆಯ ಹದಿನಾಲ್ಕು ಜೀಪಿನಲ್ಲೂ ಇದೆ. ಇಪ್ಪತ್ತಾರು ವರ್ಷ ಸರ್ವೇಯರ್ ಆಗಿ ಈ ಬಯಲನ್ನು ಅಳೆದವರು ಅವರು. ಹೊಸ ಡ್ರೈವರುಗಳಿಗೆ ಪಾಠ ಹೇಳುತ್ತಿದ್ದವರೂ ಅವರೇ. ಚೀಟಿಯ ಮೊದಲ ಸಾಲು ದಪ್ಪ ಅಕ್ಷರದಲ್ಲಿತ್ತು: ಗಾಡಿ ಕೆಟ್ಟರೆ ಜೀಪು ಬಿಟ್ಟು ಕದಲಬಾರದು. ಹುಡುಕುವವರಿಗೆ ಜೀಪು ಕಾಣುತ್ತೆ, ಮನುಷ್ಯ ಕಾಣಲ್ಲ.

ಅಂಥವರು ಫ್ಯಾನ್ ಬೆಲ್ಟ್ ತುಂಡಾಗಿ ನಿಂತ ಜೀಪನ್ನು ಬಿಟ್ಟು, ಮೂರು ಕಿಲೋಮೀಟರ್ ನಡೆದು, ಬಾಯಾರಿ ಸತ್ತರು ಅಂತ ಇಲಾಖೆ ವರದಿ ಬರೆದು ಕೈತೊಳೆದುಕೊಂಡಿತ್ತು. ಅಕ್ಕ ಅದನ್ನು ನನ್ನ ಮುಂದೆ ಎಸೆದಿದ್ದಳು. "ಇವರು ಹಾಗೆ ಎದ್ದು ಹೋಗೋರಲ್ಲ ಕಣೇ. ಹೇಗೆ ಸತ್ರು ಅಂತ ನೀನು ಬಂದು ಹೇಳೋ ತನಕ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ."

ಹೇಳಬೇಕಾದರೆ ನಾನು ಬದುಕಿ ವಾಪಸ್ ಹೋಗಬೇಕಲ್ಲ.

* * *

ತೂಕಡಿಕೆ ಕೆಲಸಕ್ಕೆ ಕೈಹಚ್ಚಿದ. ಒಪ್ಪಿಕೊಳ್ಳಲೇಬೇಕು, ಅವನ ಕೆಲಸ ಅಚ್ಚುಕಟ್ಟಾಗಿತ್ತು. ದೂರದಿಂದ ಕಾಣಲಿ ಅಂತ ಬಾನೆಟ್ ಎತ್ತಿಯೇ ಬಿಟ್ಟ. ನನ್ನ ಕೆಂಪು ಶಾಲು ಇಸಿದುಕೊಂಡು ಅಳತೆ ಕೋಲಿನ ತುದಿಗೆ ಕಟ್ಟಿ ಜೀಪಿನ ಮೇಲೆ ನಿಲ್ಲಿಸಿದ. ಟಾರ್ಪಾಲನ್ನು ಒಂದು ಕಡೆ ಜೀಪಿಗೆ, ಇನ್ನೊಂದು ಕಡೆ ಗೂಟಕ್ಕೆ ಬಿಗಿದು ನೆರಳು ಮಾಡಿದ. ಮೇಲಿನ ಸುಡುಮಣ್ಣನ್ನು ಗೇಣಾಳ ಕೆರೆದು ತೆಗೆದು, ಅದರ ಮೇಲೆ ಸೀಟು ಹಾಸಿ, "ಇಲ್ಲಿ ಕೂತ್ಕೊಳ್ಳಿ, ನೆಲ ತಣ್ಣಗಿದೆ" ಅಂದ. ಪಕ್ಕದ ಕನ್ನಡಿಯನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡ.

"ಕನ್ನಡಿ ಯಾಕೆ? ತಲೆ ಬಾಚ್ಕೊಳ್ತೀಯಾ?"

"ಯಾರಾದ್ರೂ ದೂರದಲ್ಲಿ ಕಂಡ್ರೆ ಬಿಸಿಲು ಹೊಡೆಯೋಕೆ ಮೇಡಂ. ಮೂರು ಸಲ ಮಿಂಚಿಸಬೇಕು, ಬಿಡಬೇಕು, ಮತ್ತೆ ಮೂರು ಸಲ. ಸ್ಟೆಪ್ನಿ ಟೈರ್ ಕೂಡ ಇಳಿಸಿಟ್ಟಿದ್ದೀನಿ. ಗಾಳಿ ಬಿಟ್ಟು ಸುಟ್ರೆ ಕರೀ ಹೊಗೆ ಹತ್ತು ಮೈಲಿ ಕಾಣುತ್ತೆ. ಇರೋದು ಒಂದೇ, ಸಂಜೆ ಗಾಳಿ ನಿಂತ ಮೇಲೆ ಹಚ್ಚೋಣ. ಎಲ್ಲ ಸಾಹೇಬ್ರು ಕಲಿಸಿದ್ದು."

ಸಾಹೇಬರು ಅಂದರೆ ಭಾವ. ಆ ಮಾತು ಹೇಳುವಾಗ ಅವನ ದನಿ ತಗ್ಗಿತು. ಪಶ್ಚಾತ್ತಾಪವೋ ನಾಟಕವೋ ನನಗೆ ತಿಳಿಯಲಿಲ್ಲ. ಇಷ್ಟೆಲ್ಲ ಸಲೀಸಾಗಿ ಮಾಡುವವನು ಮೊದಲೇ ಸಿದ್ಧವಾಗಿ ಬಂದಿದ್ದಾನೇನೋ ಅಂತ ಒಳಗೊಂದು ಹುಳ ಕೊರೆಯುತ್ತಲೇ ಇತ್ತು.

ಹನ್ನೆರಡೂವರೆಗೆ ಒಂದೊಂದು ಗುಟುಕು ಕುಡಿದೆವು. ಒಂದೂವರೆಗೆ ಇನ್ನೊಂದು. ನೀರು ಬಾಯಿಂದ ಗಂಟಲಿಗೆ ಇಳಿಯುವ ಮುಂಚೆಯೇ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ದೂರದ ನೆಲ ಕುದಿಯುವ ಹಾಗೆ ಕಾಣುತ್ತಿತ್ತು. ಬೆವರು ಬರುವುದು ನಿಂತಿತ್ತು. ಅದು ಒಳ್ಳೆಯದಲ್ಲ ಅಂತ ನನಗೂ ಗೊತ್ತು.

ಎರಡೂವರೆ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಸಾಯುವುದೇ ಆದರೆ ಉತ್ತರ ತಿಳಿದುಕೊಂಡು ಸಾಯೋಣ ಅನ್ನಿಸಿತು.

"ಒಂದು ಮಾತು ಕೇಳ್ತೀನಿ. ನೆಟ್ಟಗೆ ಹೇಳು. ಅವತ್ತು ಎಲ್ಲಿದ್ದೆ?"

"ಮನೇಲಿ. ಜ್ವರ."

"ಯಾವ ಡಾಕ್ಟರು?"

"ಡಾಕ್ಟರ್ ಹತ್ರ ಹೋಗಲಿಲ್ಲ."

"ನಿನ್ನ ಹೆಂಡತಿ ಹತ್ರ ಹೋಗಿ ಬಂದಿದ್ದೀನಿ ನಾನು. ಅವತ್ತು ಮನೆ ಹಿಂದಿನ ಗೋಡೆಗೆ ಸುಣ್ಣ ಹೊಡೀತಿದ್ರು ಅಂತ ಹೇಳಿದ್ಲು. ಜ್ವರ ಬಂದೋನು ಏಣಿ ಹತ್ತುತ್ತಾನಾ?"

ಅವನು ನೆಲ ನೋಡಿದ. ಮೊದಲ ಸಲ ಆ ಕಣ್ಣು ಪೂರ್ತಿ ತೆರೆದವು.

"ನೀನು ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕ್ಕೊಳ್ತೀಯಾ?" ಅಂದೆ.

"ಏನು?"

"ಎಷ್ಟು ಚಮಚ?"

"ಮೂರು... ನಾಕು. ಅದಕ್ಕೂ ಇದಕ್ಕೂ ಏನು ಮೇಡಂ?"

"ಭಾವನ ಜೀಪಲ್ಲಿ ಸಿಕ್ಕ ಸಾಮಾನು ಅಕ್ಕನ ಮನೆಗೆ ತಂದುಕೊಟ್ರಲ್ಲ, ಅದರಲ್ಲಿ ಅವರ ಲೋಟ ಇತ್ತು. ತಳದಲ್ಲಿ ಅಂಟಂಟು, ಅದರೊಳಗೆ ಸತ್ತ ಇರುವೆ. ಭಾವನಿಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷದಿಂದ ಸಕ್ಕರೆ ನಾಲಿಗೆಗೆ ಮುಟ್ಟಿಸಿದವರಲ್ಲ. ಅವರ ಲೋಟದಲ್ಲಿ ಯಾರೋ ಸಿಹಿ ಕುಡಿದಿದ್ದಾರೆ. ಅಂದ್ರೆ ಜೀಪಲ್ಲಿ ಅವರ ಜೊತೆ ಇನ್ನೊಬ್ಬ ಇದ್ದ." ನನ್ನ ಬೆರಳು ಅವನ ಎದೆಗೆ ಹೋಯಿತು. "ಅದು ನೀನು. ನೀರು ಖಾಲಿ ಮಾಡಿ, ಅವರನ್ನ ಇಲ್ಲಿ ಬಿಟ್ಟು ಹೊರಟೆ. ಇಲಾಖೆಗೆ ಹೇಳಿದ ಜ್ವರದ ಕಥೆ ಒಂದು, ಹೆಂಡತಿಗೆ ಹೇಳಿಕೊಟ್ಟ ಸುಣ್ಣದ ಕಥೆ ಇನ್ನೊಂದು."

"ಇಲ್ಲಮ್ಮಾ!" ಅವನು ಕೂಗಿಯೇಬಿಟ್ಟ. ಮೇಡಂ ಹೋಗಿ ಅಮ್ಮ ಆಗಿದ್ದೆ. "ನನ್ನ ಮಕ್ಕಳಾಣೆ, ನಾನು ಬಂದಿರಲಿಲ್ಲ. ಬರಬೇಡ ಅಂದ್ರು, ಬರಲಿಲ್ಲ. ಅದೇ ನಾನು ಮಾಡಿದ ತಪ್ಪು."

"ಯಾರು ಅಂದಿದ್ದು?"

ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತೆ ಅಂದ. ಬಿಸಿಲಲ್ಲಿ ಜೀವ ಹೋಗುತ್ತಿರುವಾಗ ಕೆಲಸದ ಚಿಂತೆ ನೋಡಿ ಇವನಿಗೆ! ನನಗೆ ನಗುವೂ ಬಂತು, ಹೊಡೆಯಬೇಕು ಅಂತಲೂ ಅನ್ನಿಸಿತು.

* * *

ಮೂರೂ ಕಾಲಿಗೆ ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿತ್ತು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತಲೆ ಗಿಮ್ಮೆನ್ನುತ್ತಿತ್ತು. ಎರಡು ಸಲ ಯಾರೋ ಕರೆದ ಹಾಗಾಗಿ ತಿರುಗಿ ನೋಡಿದೆ.

ತೂಕಡಿಕೆ ಎದ್ದು ರೇಡಿಯೇಟರ್ ಮುಟ್ಟಿ ನೋಡಿದ. "ಆರಿದೆ," ಅಂದ. ಲೋಟ ತಗೊಂಡು ಜೀಪಿನ ಮುಂದೆ ಅಂಗಾತ ಮಲಗಿ ಕೆಳಗೆ ತೂರಿದ.

"ಏನು ಮಾಡ್ತಿದ್ದೀಯೋ?"

"ಒಡೆದಿದ್ದು ಮೇಲಿನ ಪೈಪು. ಕೆಳಗೆ ಅರ್ಧ ನೀರು ಹಾಗೇ ಇರುತ್ತೆ. ನಮ್ಮ ಜೀಪಿಗೆ ಬರೀ ನೀರೇ ಹಾಕೋದು ಅಮ್ಮ, ಔಷಧಿ ಗಿಷಧಿ ಏನೂ ಹಾಕಲ್ಲ. ಕೊನೇಗೆ ಕುಡಿಯೋಕೆ ಆಗಲಿ ಅಂತ. ಬೇರೆ ಇಲಾಖೆಯವರು ಕೇಳಿದ್ರೆ ನಗ್ತಾರೆ. ತುಕ್ಕು ವಾಸನೆ ಬರುತ್ತೆ, ಬಟ್ಟೇಲಿ ಸೋಸಿ ಕುಡಿದ್ರೆ ಜೀವ ಉಳಿಯುತ್ತೆ. ನಾಕು ವರ್ಷದ ಹಿಂದೆ ಸಾಹೇಬ್ರೂ ನಾನೂ ಹಿಂಗೇ ಕುಡಿದು ಒಂದು ದಿನ ಕಳೆದಿದ್ವಿ."

ಯಾವ ಮೆಕ್ಯಾನಿಕ್ಕೂ ಒಪ್ಪದ ಪದ್ಧತಿ. ಆದರೆ ಆ ಗಳಿಗೆಯಲ್ಲಿ ಟೊಳ ಟೊಳ ಅಂತ ನೀರು ಬೀಳುವ ಸದ್ದು ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟು ಆಸೆಯಾಯಿತು.

ಅವನು ಕರವಸ್ತ್ರದಲ್ಲಿ ಸೋಸಿ ಲೋಟ ತುಂಬ ತಂದ. ಕೆಂಪಗೆ, ಇಟ್ಟಿಗೆ ತೊಳೆದ ನೀರಿನ ಬಣ್ಣ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ.

"ಮೊದಲು ನೀವು ಕುಡೀರಿ."

ನಾನು ಲೋಟ ಇಸಿದುಕೊಂಡೆ. ತುಂಬಿದ ಲೋಟದ ಅಂಚಿನಿಂದ ಬೆರಳ ಮೇಲೆ ಚೆಲ್ಲಿತು. ಬಾಯಿಯ ಹತ್ತಿರ ತಂದವಳು ನಿಂತೆ. ಹಳೇ ಬುದ್ಧಿ ಎಲ್ಲಿ ಬಿಡುತ್ತೆ? ಶಂಕಿತ ಕೊಟ್ಟದ್ದನ್ನು ಕುಡಿಯುತ್ತೀಯಾ ಅಂತ ಒಳಗಿಂದ ಯಾರೋ ಗದರಿದರು.

ಲೋಟ ವಾಪಸ್ ಚಾಚಿದೆ. "ನೀನು ಕುಡಿ ಮೊದಲು."

"ಅಯ್ಯೋ, ನೀವು ಹಿರಿಯರು..."

"ಕುಡಿಯೋ ಅಂದ್ರೆ!"

ನಾನು ಅವನ ಮುಖವನ್ನೇ ದಿಟ್ಟಿಸಿದೆ. ಹಿಂಜರಿಯುತ್ತಾನಾ? ನೆಪ ಹುಡುಕುತ್ತಾನಾ? ಏನೂ ಇಲ್ಲ. ಮಗು ಹಾಲಿನ ಬಟ್ಟಲಿಗೆ ಕೈಚಾಚಿದ ಹಾಗೆ ಲೋಟ ಕಿತ್ತುಕೊಂಡ. ಕಣ್ಣು ಮುಚ್ಚಿ ಎತ್ತಿದ.

ಅಷ್ಟರಲ್ಲಿ ಬಾಯಾರಿಕೆ ತಡೆಯಲಾರದೆ, ಯೋಚನೆಯನ್ನೇ ಮಾಡದೆ, ನಾನು ನನ್ನ ಒದ್ದೆ ಬೆರಳನ್ನು ನೆಕ್ಕಿಬಿಟ್ಟಿದ್ದೆ.

ಸಿಹಿ.

ತುಕ್ಕಿನ ಹಿಂದೆ ದಟ್ಟ ಸಿಹಿ. ಬೆರಳು ಬೆರಳಿಗೆ ತಾಗಿದರೆ ಜಾರುತ್ತಿತ್ತು.

ನನ್ನ ಕೈ ತಾನಾಗೇ ಬೀಸಿತು. ಲೋಟ ಅವನ ತುಟಿಯಿಂದ ಹಾರಿ ಜೀಪಿನ ಚಕ್ರಕ್ಕೆ ಬಡಿಯಿತು. ಅವನು ಹೌಹಾರಿ ಹಿಂದಕ್ಕೆ ಬಿದ್ದ.

"ಉಗಿ! ಉಗಿಯೋ! ನುಂಗಿದೆಯಾ?"

"ಇಲ್ಲ... ತುಟಿಗೆ ತಾಗಿತ್ತು ಅಷ್ಟೇ... ಏನಾಯ್ತು ಅಮ್ಮ?"

ಉಳಿದ ಎರಡು ಗುಟುಕಿನಲ್ಲಿ ಒಂದನ್ನು ಇಬ್ಬರೂ ಬಾಯಿ ಮುಕ್ಕಳಿಸಿ ಉಗಿಯಲು ಹಾಳು ಮಾಡಿದೆವು. ಹಾಳು ಅಂದೆನಾ? ಅಷ್ಟು ಸಾರ್ಥಕವಾಗಿ ನೀರು ನಾನು ಜನ್ಮದಲ್ಲಿ ಖರ್ಚು ಮಾಡಿರಲಿಲ್ಲ.

"ಸಿಹಿ ಇದೆ ಕಣೋ ಇದು," ಅಂದೆ. "ಭಾವನ ಲೋಟದಲ್ಲಿದ್ದ ಸಿಹಿ."

ಅವನು ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದ. ಉಜ್ಜಿ ನೋಡಿದ. ಆಮೇಲೆ ನಿಧಾನವಾಗಿ ನೆಲದ ಮೇಲೆ ಕುಸಿದು ಕೂತ.

"ಕೂಲೆಂಟು," ಅಂದ. "ಎಂಜಿನ್ ತಂಪಿಗೆ ಹಾಕೋ ಔಷಧಿ. ಹೋದ ವರ್ಷ ಹೊಸ ಸ್ಟಾಕ್ ಅಂತ ಎರಡು ಡಬ್ಬ ಬಂದಿತ್ತು. ನಮ್ಮ ಶೆಡ್ಡಿನ ನಾಯಿ ಬಕೆಟ್ಟಿಂದ ನೆಕ್ಕಿಬಿಡ್ತು. ಕುಡುಕನ ಹಾಗೆ ತೂರಾಡಿಕೊಂಡು ಎಲ್ಲೆಲ್ಲೋ ಹೋಯ್ತು. ಕರೆದ್ರೆ ನಿಲ್ಲಲಿಲ್ಲ. ಮಾರನೇ ದಿನ ಹೊಲದಾಚೆ ಸತ್ತು ಬಿದ್ದಿತ್ತು."

ತೂರಾಡಿಕೊಂಡು ಎಲ್ಲೆಲ್ಲೋ ಹೋಯಿತು.

ನನಗೆ ಭಾವ ಕಂಡರು. ನೀರಿನ ಕ್ಯಾನು ಖಾಲಿ. ಗಾಬರಿಯಾಗದೆ, ತಾವೇ ಕಲಿಸಿದ ಪಾಠದ ಪ್ರಕಾರ ರೇಡಿಯೇಟರಿನ ನಲ್ಲಿ ತಿರುಗಿಸಿ, ಸೋಸಿ, ನಂಬಿ ಕುಡಿದಿದ್ದಾರೆ. ಸಿಹಿ ಗೊತ್ತಾಗಲಿಲ್ಲವೇ? ಗೊತ್ತಾಗಿರುತ್ತೆ. ಆ ಬಾಯಾರಿಕೆಯಲ್ಲಿ ಯಾರು ನಿಲ್ಲಿಸುತ್ತಾರೆ? ಆಮೇಲೆ ತಲೆ ಕೆಟ್ಟಿದೆ. ಜೀಪು ಬಿಟ್ಟು ಎದ್ದು ಹೋಗಿದ್ದು ನನ್ನ ಭಾವ ಅಲ್ಲ, ಆ ವಿಷ. ಅಕ್ಕಾ, ನಿನ್ನ ಗಂಡ ಪಾಠ ತಪ್ಪಲಿಲ್ಲ ಕಣೇ ಅಂತ ಅಲ್ಲೇ ಕೂತು ಅತ್ತುಬಿಟ್ಟೆ. ಅಳು ಬಂತೇ ಹೊರತು ಕಣ್ಣೀರು ಬರಲಿಲ್ಲ.

ಎದುರಿಗೆ ಕೂತ ತೂಕಡಿಕೆಯೂ ಅಳುತ್ತಿದ್ದ. ಆ ಲೋಟವನ್ನು ಹಿಂದೆಮುಂದೆ ನೋಡದೆ ಬಾಯಿಗಿಟ್ಟವನು ಕೊಲೆಗಾರನಲ್ಲ. ಮೂರು ವಾರ ನಾನು ತಪ್ಪು ಮರದ ಬುಡ ಅಗೆದಿದ್ದೆ.

"ನಾಯಿ ಸತ್ತ ಮೇಲೆ ಆ ಡಬ್ಬ ಏನಾಯ್ತು?" ಅಂದೆ.

ಅವನು ಕಣ್ಣೊರೆಸಿಕೊಂಡ. "ಇಂಥ ವಿಷ ನಮ್ಮ ಶೆಡ್ಡಿನೊಳಗೆ ಇರಕೂಡದು, ನಮ್ಮ ಜೀಪಿಗೆ ನೀರೇ ಸಾಕು ಅಂತ ಮಾಮ ಕೂಗಾಡಿದ್ರು. ಉಳಿದಿದ್ದನ್ನ ತಮ್ಮ ಕಪಾಟಲ್ಲಿಟ್ಟು ಬೀಗ ಹಾಕಿದ್ರು."

ಮಾಮ ಅಂದರೆ ಶೆಡ್ಡಿನ ಮೇಲ್ವಿಚಾರಕ. ಯಾರಿಗೂ ಸಂಬಂಧಿಯಲ್ಲ, ಎಲ್ಲರಿಗೂ ಮಾಮ. ಹೊರಡುವ ಮುಂಚೆ ಟೈರು ಒತ್ತಿ ನೋಡುವವರು, ಕ್ಯಾನು ತುಂಬಿಸಿಕೊಡುವವರು, ನಾವು ಹೋಗುವ ದಾರಿ ಬೋರ್ಡಿನ ಮೇಲೆ ಬರೆಯುವವರು. ಭಾವನ ಹೆಣ ಬಂದ ದಿನ ಅಕ್ಕನ ಕೈ ಹಿಡಿದು ಮಗುವಿನ ಹಾಗೆ ಅತ್ತವರು.

"ಇವತ್ತು ಬೆಳಗ್ಗೆ ರೇಡಿಯೇಟರ್ ತುಂಬಿಸಿದ್ದು ಯಾರು?"

ಅವನು ಚಕ್ರದ ಬಳಿ ಬಿದ್ದಿದ್ದ ಲೋಟದ ಕಡೆ ನೋಡಿದ.

"ಅವತ್ತು ನಿನ್ನನ್ನ ಬರಬೇಡ ಅಂದಿದ್ದು ಯಾರು?"

"ಮಾಮ," ಅಂದ. "ನೀನು ಮನೆಗೆ ಹೋಗಿ ಸುಣ್ಣ ಹೊಡ್ಕೊ, ಬೇರೆ ಡ್ರೈವರ್ ಕಳಿಸ್ತೀನಿ, ಕೇಳಿದ್ರೆ ಜ್ವರ ಅಂತ ಹೇಳು ಅಂದ್ರು. ಆಮೇಲೆ ಸಾಹೇಬ್ರು ಒಬ್ರೇ ಹೋದ್ರು ಅಂತ ಗೊತ್ತಾಯ್ತು. ಇವತ್ತೂ ಅಷ್ಟೇ ಅಮ್ಮ. ನೀನು ಹೋಗಿ ಚಹಾ ಕುಡಿ, ನೀರು ನಾನೇ ತುಂಬಿಸ್ತೀನಿ ಅಂದ್ರು."

"ಭಾವನ ಮೇಲೆ ಅವನಿಗೆ ಏನು ದ್ವೇಷ?"

"ಗೊತ್ತಿಲ್ಲ. ಸಾಯೋಕೆ ಒಂದು ವಾರ ಮುಂಚೆ ಈ ಬಯಲಲ್ಲೇ ಸಾಹೇಬ್ರು ನನಗೆ ಲಾರಿ ಚಕ್ರದ ಗುರುತು ತೋರಿಸಿದ್ರು. ಇಲ್ಲಿಗೆ ಲಾರಿ ಯಾಕೋ ಬರುತ್ತೆ ಅಂದ್ರು. ಅಳತೆ ಪುಸ್ತಕದಲ್ಲಿ ಬರ್ಕೊಂಡ್ರು."

ಅಕ್ಕನಿಗೆ ತಂದುಕೊಟ್ಟ ಸಾಮಾನಿನಲ್ಲಿ ಲೋಟ ಇತ್ತು, ಕನ್ನಡಕ ಇತ್ತು, ಸೊಂಟದ ಬೆಲ್ಟ್ ಇತ್ತು. ಅಳತೆ ಪುಸ್ತಕ ಇರಲಿಲ್ಲ. ಲಾರಿಯ ಗುಟ್ಟು ಬರೆದಿದ್ದ ಆ ಪುಸ್ತಕವನ್ನು ಮಾಮನೇ ಮಾಯ ಮಾಡಿರಬೇಕು.

* * *

"ಅಮ್ಮಾ! ಅಲ್ಲಿ!"

ನಾಲ್ಕು ಗಂಟೆ ಆಗಿತ್ತೇನೋ. ನಾವು ಬಂದ ದಿಕ್ಕಿನಲ್ಲೇ ನೆಲದಂಚಿಗೆ ಧೂಳೆದ್ದಿತ್ತು. ಗಾಡಿ ಒಂದೇ. ತೂಕಡಿಕೆ ಎಗರಿ ನಿಂತು ಕನ್ನಡಿಯನ್ನು ಸೂರ್ಯನ ಕಡೆ ತಿರುಗಿಸಿದ.

ಅವನ ಮಣಿಕಟ್ಟು ಹಿಡಿದೆ. "ತಡಿ."

"ತಡೆಯೋದೇನು? ನೀರು ಬಂತು!"

"ನಾವು ಇಲ್ಲಿದ್ದೀವಿ ಅಂತ ಯಾರಿಗೆ ಗೊತ್ತು?"

"ಬೋರ್ಡಲ್ಲಿ ಬರೆದಿರುತ್ತಲ್ಲ?"

ನನ್ನ ಮುಖ ಅವನಿಗೆ ತೋರಿಸಲು ನಾಚಿಕೆಯಾಯಿತು. ಬೆಳಗ್ಗೆ ನಾನೇ ಮಾಮನನ್ನು ಪಕ್ಕಕ್ಕೆ ಕರೆದಿದ್ದೆ. ಬೋರ್ಡಿನ ಮೇಲೆ ಬೇರೆ ದಾರಿ ಬರೀರಿ, ತನಿಖೆ ವಿಷಯ, ನಾವು ಹೋಗೋ ಜಾಗ ನಿಮಗೊಬ್ಬರಿಗೇ ಗೊತ್ತಿರಲಿ ಅಂತ ಪಿಸುಗುಟ್ಟಿದ್ದೆ. ಪೊಲೀಸ್ ಬುದ್ಧಿ! ಎಲ್ಲರಿಗೂ ಗೊತ್ತಾಗುವ ಹಾಗೆ ಬರೆಯಬೇಕಾದ ವಿಷಯವನ್ನು ಒಬ್ಬನ ಕಿವಿಗೆ ಹಾಕಿ, ನಮ್ಮಿಬ್ಬರ ಜೀವ ಅವನ ಜೇಬಿಗೆ ಹಾಕಿದ್ದೆ.

ಹೇಳಿದೆ. ಅವನ ಕೈ ತಾನಾಗೇ ಇಳಿಯಿತು.

"ಬೇರೆ ಯಾರಾದ್ರೂ ಆಗಿರಬಹುದು," ಅಂದ. ದನಿಯಲ್ಲಿ ಜೀವ ಇರಲಿಲ್ಲ.

ಆಗಿರಬಹುದು. ಬೇರೆಯವರಾಗಿ, ನಾವು ಅಡಗಿ ಕೂತು, ಅವರು ಹೊರಟುಹೋದರೆ ನಾಳೆಯ ಬಿಸಿಲಿಗೆ ನಾವಿಬ್ಬರೂ ಹೆಣ. ಅವನೇ ಆಗಿ, ನಾವು ಕೈಬೀಸಿ ಕರೆದರೆ ನಾಳೆಯ ತನಕವೂ ಬೇಡ. ಸಿಗದಿದ್ದರೆ ಸಾವು ಅಂತ ಬೆಳಗ್ಗಿಂದ ಹೆದರಿದ್ದೆ. ಈಗ ಸಿಕ್ಕರೇ ಸಾವು.

"ನಡಿ," ಅಂದೆ.

"ಚೀಟಿಯಲ್ಲಿ ಕದಲಬಾರದು ಅಂತ..."

"ಭಾವ ಬರೆದಿದ್ದು ಹುಡುಕೋರನ್ನ ನೆನೆಸಿಕೊಂಡು. ಕೊಲ್ಲೋರನ್ನ ನೆನೆಸಿಕೊಂಡಲ್ಲ. ನಡಿ."

ಜೀಪಿನಿಂದ ನೂರೈವತ್ತು ಹೆಜ್ಜೆ ದೂರದಲ್ಲಿ ಹಳೇ ಸರ್ವೆಯ ಕಲ್ಲುಗುಡ್ಡೆಯೊಂದಿತ್ತು, ಸೊಂಟದೆತ್ತರ. ಅದರ ಹಿಂದೆ ಹೊಟ್ಟೆ ಅಡಿಯಾಗಿ ಮಲಗಿದೆವು. ನೆಲ ಎದೆಯನ್ನು ಸುಟ್ಟಿತು. ಕಲ್ಲಿನ ಸಂದಿಯಿಂದ ಕಣ್ಣಿಟ್ಟೆ.

ಇಲಾಖೆಯದೇ ಬಿಳಿ ಗಾಡಿ. ಜೀಪಿನ ಪಕ್ಕ ನಿಂತಿತು. ಡ್ರೈವರ್ ಬಾಗಿಲು ತೆರೆದು ಮಾಮ ಇಳಿದ. ಅದೇ ಖಾಕಿ ಅಂಗಿ, ಅದೇ ಹೆಗಲ ಮೇಲಿನ ಟವೆಲ್ಲು.

ನಮ್ಮನ್ನು ಕೂಗಲಿಲ್ಲ. ಟಾರ್ಪಾಲಿನ ಕೆಳಗೆ ಇಣುಕಲಿಲ್ಲ. ನೆಟ್ಟಗೆ ಜೀಪಿನ ಮುಂದೆ ಹೋಗಿ, ಮೊಣಕಾಲೂರಿ, ರೇಡಿಯೇಟರಿನ ಕೆಳಗಿನ ನಲ್ಲಿ ಮುಟ್ಟಿ ನೋಡಿದ. ಒದ್ದೆ ಮಣ್ಣಿಗೆ ಬೆರಳೊತ್ತಿದ. ಚಕ್ರದ ಬಳಿ ಬಿದ್ದಿದ್ದ ಲೋಟ ಎತ್ತಿ ಒಳಗೆ ನೋಡಿ ತಲೆಯಾಡಿಸಿದ. ನಾವು ಕುಡಿದಿದ್ದೇವೆ ಅಂದುಕೊಂಡ.

ತೂಕಡಿಕೆ ನನ್ನ ತೋಳನ್ನು ಹಿಸುಕಿದ. ಇನ್ನು ಅನುಮಾನ ಉಳಿದಿರಲಿಲ್ಲ. ಸದ್ದು ಮಾಡದೆ ಬಿದ್ದಿದ್ದರೆ ಅವನು ನಮ್ಮನ್ನು ಸತ್ತರು ಅಂದುಕೊಂಡು ವಾಪಸ್ ಹೋಗುತ್ತಾನೆ. ಆಮೇಲೆ ಟೈರು ಸುಡಬಹುದು, ಹೊಗೆ ಕಂಡು ಇನ್ಯಾರಾದರೂ ಬರಬಹುದು.

ಆಗ ಗಾಡಿಯ ಇನ್ನೊಂದು ಬಾಗಿಲು ತೆರೆಯಿತು.

"ತಂಗೀ! ಎಲ್ಲಿದ್ದೀಯೇ?"

ಅಕ್ಕ.

ಎರಡು ಗಂಟೆಗೆ ವಾಪಸ್ ಬರುತ್ತೇನೆ ಅಂದಿದ್ದ ನಾನು ಬರಲಿಲ್ಲ ಅಂತ ಅವಳು ಶೆಡ್ಡಿಗೆ ಓಡಿರಬೇಕು. ನಾನೂ ಬರ್ತೀನಿ ಅಂತ ಹಟ ಹಿಡಿದು ಗಾಡಿ ಹತ್ತಿರಬೇಕು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಒಂದೂವರೆ ಗಂಟೆ ದಾರಿಯಲ್ಲಿ ಲೋಟದ ವಿಷಯ, ಇರುವೆ ವಿಷಯ, ಸಕ್ಕರೆ ವಿಷಯ, ಅಳತೆ ಪುಸ್ತಕ ಕಾಣೆಯಾದ ವಿಷಯ, ಎಲ್ಲ ಅವನ ಮುಂದೆ ಹರವಿರುತ್ತಾಳೆ. ಕರ್ಮ!

ಮಾಮ ಎದ್ದು ಕೈ ಒರೆಸಿಕೊಂಡ. ಅಕ್ಕನ ಹೆಗಲು ಹಿಡಿದು ನೆರಳಿಗೆ ಕೂರಿಸಿದ. ಗಾಡಿಯಿಂದ ಎರಡು ಬಾಟಲಿ ತಂದ. ಒಂದರಿಂದ ತಾನು ಗಟಗಟ ಕುಡಿದ. ಇನ್ನೊಂದರ ಮುಚ್ಚಳ ತಾನೇ ತೆಗೆದು ಅವಳ ಕೈಗಿಟ್ಟ.

"ನೀರಲ್ಲಮ್ಮ, ಶರಬತ್ತು," ಅಂದಿದ್ದು ಗಾಳಿಯಲ್ಲಿ ತೇಲಿಬಂತು. "ಬಿಸಿಲಿಗೆ ಒಳ್ಳೇದು. ನೀವು ಕುಡೀರಿ, ನಾನು ಅವರನ್ನ ಹುಡುಕ್ತೀನಿ."

ನಾನು ಎದ್ದು ನಿಂತೆ. ತೂಕಡಿಕೆ ಬೇಡ ಅಂತ ಸೆರಗು ಹಿಡಿದ, ಕಿತ್ತುಕೊಂಡೆ. ಕುಡೀಬೇಡ ಕಣೇ ಅಂತ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದೆ.

ಗಂಟಲಿಂದ ಸದ್ದೇ ಹೊರಡಲಿಲ್ಲ.

ಕಲ್ಲುಗುಡ್ಡೆಯ ಕಡೆ ಅಲುಗಾಟ ಕಂಡು ಮಾಮ ಮಾತ್ರ ತಿರುಗಿ ನೋಡಿದ. ನಮ್ಮಿಬ್ಬರ ಕಣ್ಣೂ ಕೂಡಿದವು. ಅವನ ಬೆನ್ನ ಹಿಂದೆ ಅಕ್ಕ ಬಾಟಲಿ ಎತ್ತಿದಳು.